ಸಿಂಹಪುರದಲ್ಲಿ ನೋಡತಕ್ಕದ್ದೇನು?

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ನಾಡಿನ ಅನುಕೂಲಸ್ಥ ಕುಟುಂಬಗಳು ಸಿಂಗಾಪುರದ ಕಡೆಗೆ ಮುಖಮಾಡುವುದು ಈಚೆಗೆ ರೂಢಿಯಾಗಿ ಹೋಗಿದೆ. ಬೆಂಗಳೂರಿನಲ್ಲಿ ವಿಮಾನವೇರಿದವರು ಐದು ಗಂಟೆಗಳೊಳಗಾಗಿ ಅಲ್ಲಿ ಇಳಿಯುತ್ತಾರೆ. ಮೂರು ಗೋಪುರಗಳ ನೆತ್ತಿಯ ಮೇಲೆ ದೋಣಿಯನ್ನಿರಿಸಿದಂತೆ ಕಾಣುವ ಹೋಟೆಲನ್ನೂ, ಸೆಂಟೋಸಾ ದ್ವೀಪದ ವಿನೋದಸ್ಥಾನಗಳನ್ನೂ, ಆರ್ಚರ್ಡ್ ರಸ್ತೆಯ ಅಂಗಡಿಸಾಲುಗಳನ್ನೂ ನಾಲ್ಕು ದಿನಗಳಲ್ಲಿ ಸುತ್ತಿ, ಭಾವಚಿತ್ರಗಳನ್ನು ತುಂಬಿಕೊಂಡು ಮರಳುತ್ತಾರೆ. ಸಿಂಗಾಪುರವನ್ನು ನೋಡಿಬಂದೆವೆಂಬ ತೃಪ್ತಿ ಅವರದು. ‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂದ ನಮ್ಮ ಹಿರಿಯರು ‘ನೋಡು’ ಎಂಬ ಮಾತನ್ನು ಎರಡು ಸಾರಿ ಹೇಳಿದುದು ಸುಮ್ಮನೆಯಲ್ಲ. ಸುತ್ತುವುದು ಬೇರೆ, ನೋಡುವುದು ಬೇರೆ. ನಮ್ಮವರು ಸುತ್ತುತ್ತಿದ್ದಾರೆ, ನೋಡುತ್ತಿದ್ದಾರೆಯೇ ಎಂಬುದು ಪ್ರಶ್ನೆ.

ಯಾರು ಎಲ್ಲಿಗೆ ಹೋಗಿ ಏನನ್ನು ನೋಡಿದರೆ ಪತ್ರಿಕೆಗೇನು ಎಂದು ವಾಚಕರು ಕೇಳಬಹುದು. ಇದು ಕೇವಲ ಖಾಸಗಿ ವಿಷಯವಾಗಿದ್ದಲ್ಲಿ ನಾವು ಈ ಸ್ಥಳವನ್ನು ಇದಕ್ಕೆ ವ್ಯಯಮಾಡುತ್ತಿರಲಿಲ್ಲ. 1999ರಿಂದ 2004ರ ವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ದಿವಂಗತ ಎಸ್. ಎಂ. ಕೃಷ್ಣರವರು ಬೆಂಗಳೂರನ್ನು ಸಿಂಗಾಪುರವನ್ನಾಗಿ ಮಾಡಬೇಕೆಂಬ ಅಭಿಲಾಷೆಯನ್ನು ಪ್ರಕಟಿಸಿದಂದಿನಿಂದ ಆ ಹೆಸರು ನಮ್ಮ ಸಾರ್ವಜನಿಕ ಜೀವನದಲ್ಲಿ ಒಂದು ಅಳತೆಗೋಲಾಗಿ ನಿಂತಿದೆ. ಮೇಲುಸೇತುವೆ ಕಟ್ಟುವವರೂ ಅದನ್ನೇ ಉಚ್ಚರಿಸುತ್ತಾರೆ, ಹಳೆಯ ಕಟ್ಟಡವನ್ನು ಕೆಡಹುವವರೂ ಅದನ್ನೇ ಉಚ್ಚರಿಸುತ್ತಾರೆ. ಒಂದು ಜನ ಯಾವ ಪಟ್ಟಣವನ್ನು ಆದರ್ಶವೆಂದು ಎಣಿಸಿದೆಯೋ ಆ ಪಟ್ಟಣದ ಹೊರಮೈಯನ್ನು ಮಾತ್ರ ಕಂಡು ಬಂದರೆ, ಅದರ ಅನುಕರಣವೂ ಹೊರಮೈಯದೇ ಆಗುವುದರಲ್ಲಿ ಸಂಶಯವಿಲ್ಲ. ಆದುದರಿಂದ ಪ್ರವಾಸಿಯ ಕಣ್ಣು ಎಲ್ಲಿ ನೆಟ್ಟಿದೆ ಎಂಬುದು ಪೌರನ ಚಿಂತೆಯೂ ಹೌದು.

ಅಲ್ಲಿಯ ಹೊಸ ನಿರ್ಮಾಣಗಳನ್ನು ನಾವು ಹೀನಾಯಮಾಡುತ್ತಿಲ್ಲ. 2012ರಲ್ಲಿ ತೆರೆದ ಕೊಲ್ಲಿಯ ದಂಡೆಯ ಉದ್ಯಾನವು ಸಮುದ್ರವನ್ನು ತುಂಬಿಸಿ ಪಡೆದ ನೆಲದ ಮೇಲೆ 101 ಹೆಕ್ಟೇರುಗಳಷ್ಟು ಹಬ್ಬಿದೆ. ಐವತ್ತು ಮೀಟರುಗಳ ವರೆಗೆ ಏರಿ ನಿಂತಿರುವ ಅದರ ಲೋಹದ ವೃಕ್ಷಗಳು ಸಂಜೆಯ ದೀಪದಲ್ಲಿ ಸುಂದರವಾಗಿಯೇ ಕಾಣುತ್ತವೆ. ಆದರೆ ಅದನ್ನು ನೋಡುವವನು ತಲೆಯೆತ್ತಿ ನೋಡುತ್ತಾನೆಯೇ ಹೊರತು ಕೆಳಗಿನ ನೀರನ್ನು ನೋಡುವುದಿಲ್ಲ. ನಿಜವಾದ ಆಶ್ಚರ್ಯ ಆ ನೀರಿನಲ್ಲಿದೆ. ಸಿಂಗಾಪುರದ ನದಿಯು ಒಂದು ಕಾಲದಲ್ಲಿ ದುರ್ಗಂಧದ ಚರಂಡಿಯಾಗಿದ್ದಿತು. ಹಂದಿಗಳನ್ನು ಸಾಕುವ ಕೊಟ್ಟಿಗೆಗಳು, ದೋಣಿಗಳನ್ನು ದುರಸ್ತುಮಾಡುವ ಅಂಗಳಗಳು, ಬೀದಿ ವ್ಯಾಪಾರದ ಕಸ ಎಲ್ಲವೂ ಅದಕ್ಕೇ ಸೇರುತ್ತಿದ್ದವು. 1977ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ ಅವರು ಹತ್ತು ವರ್ಷಗಳ ಗಡುವನ್ನು ವಿಧಿಸಿದರು. 1987ರ ವೇಳೆಗೆ ನದಿಯಲ್ಲಿ ಮೀನುಗಳು ಮರಳಿದ್ದವು. 2008ರಲ್ಲಿ ಅದರ ಮುಖಕ್ಕೆ ಅಣೆಕಟ್ಟನ್ನು ಕಟ್ಟಿ, ದ್ವೀಪದ ಆರರಲ್ಲೊಂದು ಭಾಗದ ಮಳೆನೀರನ್ನು ಪಟ್ಟಣದ ನಡುವೆಯೇ ಕುಡಿಯುವ ನೀರಿನ ಕೆರೆಯನ್ನಾಗಿ ಮಾಡಿದರು. ವೃಷಭಾವತಿಯ ಗತಿಯನ್ನು ನಿತ್ಯವೂ ಮೂಗಿನಿಂದಲೇ ಅರಿಯುತ್ತಿರುವ ಬೆಂಗಳೂರಿನವರಿಗೆ ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ವಸ್ತು ಬೇರೊಂದುಂಟೆ?

ಇನ್ನು ಹಳೆಯ ಪಟ್ಟಣಕ್ಕೆ ಬರೋಣ. ಸೌತ್ ಬ್ರಿಜ್ ರಸ್ತೆಯಲ್ಲಿ ಕಾಲುಗಂಟೆ ನಡೆದರೆ ಸಾಕು. ಚೀನೀಯರ ಪೇಟೆಯ ಮಧ್ಯದಲ್ಲಿ ಚೋಳಮಂಡಲದ ತೀರದಿಂದ ಬಂದ ಮುಸಲ್ಮಾನ ವರ್ತಕರು 1826ರಲ್ಲಿ ಸ್ಥಾಪಿಸಿದ ಜಾಮೆ ಮಸೀದಿ ಇದೆ. ಅದರ ನೆರೆಯಲ್ಲಿಯೇ 1827ರಲ್ಲಿ ನಾರಾಯಣ ಪಿಳ್ಳೆ ಎಂಬ ವರ್ತಕನು ಸ್ಥಾಪಿಸಿದ ಶ್ರೀ ಮಾರಿಯಮ್ಮನ ಗುಡಿ ಇದೆ. ಪ್ರತಿ ವರ್ಷವೂ ದೀಪಾವಳಿಗೆ ಮುಂಚೆ ಅಲ್ಲಿ ಭಕ್ತರು ಕೆಂಡವನ್ನು ಹಾಯುತ್ತಾರೆ. ಅದೇ ಬೀದಿಯಲ್ಲಿ 2007ರಲ್ಲಿ ಪೂರ್ಣಗೊಂಡ ಬುದ್ಧನ ದಂತಧಾತುವಿನ ದೇವಾಲಯವೂ ಇದೆ. ಕಾಂಪೊಂಗ್ ಗ್ಲಾಮಿನ ಸುಲ್ತಾನ್ ಮಸೀದಿಗೆ ಹೋದವರು ಹೊಂಬಣ್ಣದ ಗುಮ್ಮಟದ ಬುಡದಲ್ಲಿ ಸುತ್ತುವರಿದಿರುವ ಕರಿಯ ಪಟ್ಟಿಯನ್ನು ಗಮನವಿಟ್ಟು ನೋಡಬೇಕು. ಅವು ಗಾಜಿನ ಸೀಸೆಗಳ ತಳಗಳು. 1932ರಲ್ಲಿ ಮುಗಿದ ಈ ಕಟ್ಟಡಕ್ಕೆ ಹಣ ಕೊಡಲಾರದ ಬಡವರು ಸೀಸೆಗಳನ್ನು ಕೂಡಿಸಿಕೊಟ್ಟರು; ಶ್ರೀಮಂತರ ದಾನದೊಡನೆ ಬಡವರ ದಾನವೂ ಕಣ್ಣಿಗೆ ಕಾಣುವಂತೆ ಅದನ್ನು ಗುಮ್ಮಟದಲ್ಲಿಯೇ ಕೂಡಿಸಿದರು.

ಭಾರತೀಯನು ನೋಡಲೇಬೇಕಾದುದು ಮತ್ತೂ ಒಂದಿದೆ. ಅದು ಕಟ್ಟಿದ ಕೈಗಳ ಗುರುತು. ಬ್ರಿಟಿಷರು 1825ರಿಂದ ಹಿಂದೂಸ್ಥಾನದ ಕೈದಿಗಳನ್ನು ಸಿಂಗಾಪುರಕ್ಕೆ ಸಾಗಿಸತೊಡಗಿದರು. ಈ ಏರ್ಪಾಡು 1873ರ ವರೆಗೆ ನಡೆಯಿತು. ಕಾಡನ್ನು ಕಡಿದವರು, ರಸ್ತೆಗಳನ್ನು ಹಾಕಿದವರು, ಇಂದು ರಾಷ್ಟ್ರಾಧ್ಯಕ್ಷರ ಭವನವಾಗಿರುವ ಇಸ್ತಾನವನ್ನು ಕಟ್ಟಿದವರು ಇವರು. 1861ರಲ್ಲಿ ಮುಗಿದ ಸೇಂಟ್ ಆಂಡ್ರೂಸ್ ಇಗರ್ಜಿಯ ಬೆಳ್ಳನೆಯ ಒಳಗೋಡೆಗಳಿಗೆ ಅವರು ಮದರಾಸಿನ ಗಾರೆಯನ್ನು ಬಳಿದರು. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಸಕ್ಕರೆಯನ್ನೂ ಬೆರಸಿ, ತೆಂಗಿನ ನಾರನ್ನು ನೆನೆಯಿಟ್ಟ ನೀರಿನಲ್ಲಿ ಕಲಸಿ, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಹೊಳಪೇರಿಸುವ ಈ ವಿದ್ಯೆ ನಮ್ಮ ಗಾರೆಯವರದು. ಹಾಗೆಯೇ ಧೋಬಿಘಾಟ್ ಎಂಬುದು ಈಗ ಭೂಗರ್ಭ ರೈಲಿನ ದೊಡ್ಡ ಕೂಡುನಿಲ್ದಾಣ. ದಿನವೂ ಅಲ್ಲಿ ಇಳಿದು ಹತ್ತುವ ಜನಸಮೂಹದಲ್ಲಿ, ಅದು ಹೊಳೆಯ ದಂಡೆಯಲ್ಲಿ ಬಟ್ಟೆಯೊಗೆಯುತ್ತಿದ್ದ ನಮ್ಮ ಅಗಸರ ಹೆಸರೆಂದು ನೆನೆಯುವವರು ಎಷ್ಟು ಮಂದಿ?

ಪಾದಾಂಗ್ ಎಂಬ ಹಸುರು ಬಯಲಿನ ವಿಷಯವನ್ನು ನಾವು ವಿಶೇಷವಾಗಿ ಹೇಳಬೇಕಾಗಿದೆ. 1942ರ ಫೆಬ್ರವರಿ 15ರಂದು ಬ್ರಿಟಿಷರು ಜಪಾನೀಯರಿಗೆ ಶರಣಾದರು. ಸಹಸ್ರಾರು ಭಾರತೀಯ ಸೈನಿಕರು ಸೆರೆಸಿಕ್ಕಿದರು. 1943ರ ಜುಲೈ 5ರಂದು ಈ ಪಾದಾಂಗಿನಲ್ಲಿಯೇ ನೇತಾಜಿ ಸುಭಾಷಚಂದ್ರ ಬೋಸರು ಆಜಾದ್ ಹಿಂದ್ ಫೌಜಿನ ವಂದನೆಯನ್ನು ಸ್ವೀಕರಿಸಿ ‘ಚಲೋ ದಿಲ್ಲಿ’ ಎಂದು ಕರೆಯಿತ್ತರು. ಅದೇ ವರ್ಷ ಅಕ್ಟೋಬರ್ 21ರಂದು ಕ್ಯಾಥೆ ಕಟ್ಟಡದಲ್ಲಿ ಸ್ವತಂತ್ರ ಭಾರತದ ತಾತ್ಕಾಲಿಕ ಸರಕಾರವನ್ನು ಘೋಷಿಸಿದರು. ಭಾರತದ ನೆಲವನ್ನು ಕಣ್ಣಾರೆ ಕಂಡೇ ಇರದ, ಮಲಯದ ರಬ್ಬರು ತೋಟಗಳಲ್ಲಿ ಹುಟ್ಟಿ ಬೆಳೆದ ಹುಡುಗಿಯರು ಝಾನ್ಸಿರಾಣಿಯ ಪಡೆಗೆ ಹೆಸರು ಕೊಟ್ಟರು. 1945ರ ಜುಲೈನಲ್ಲಿ ನೇತಾಜಿಯವರು ಮಡಿದ ಯೋಧರ ಸ್ಮಾರಕಕ್ಕೆ ಸಮುದ್ರದ ದಂಡೆಯಲ್ಲಿ ಅಸ್ತಿಭಾರವಿಟ್ಟರು. ಐಕ್ಯ, ವಿಶ್ವಾಸ, ಬಲಿದಾನ ಎಂಬ ಮೂರು ಮಾತುಗಳನ್ನು ಅದರ ಮೇಲೆ ಕೆತ್ತಿಸಲಾಗಿತ್ತು. ಎರಡೇ ತಿಂಗಳಲ್ಲಿ ಹಿಂತಿರುಗಿದ ಬ್ರಿಟಿಷ್ ಸೈನ್ಯವು ಅದನ್ನು ಸಿಡಿಸಿ ನೆಲಸಮಮಾಡಿತು. ಆ ಸ್ಥಳದಲ್ಲಿ ಗುರುತಿನ ಕಲ್ಲನ್ನು ನೆಡಿಸಿದುದು 1995ರಲ್ಲಿ, ಅದೂ ಸಿಂಗಾಪುರದ ಸರಕಾರ. ಪಾದಾಂಗ್ ಬಯಲನ್ನು 2022ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದುದೂ ಅದೇ ಸರಕಾರ. ನದಿಯ ಮುಖದ ಸಿಂಹಮತ್ಸ್ಯದ ವಿಗ್ರಹದ ಎದುರಿಗೆ ಭಾವಚಿತ್ರ ತೆಗೆಯಿಸಿಕೊಳ್ಳುವ ನಮ್ಮವರಿಗೆ ಈ ಕಲ್ಲು ಕೆಲವೇ ನಿಮಿಷಗಳ ನಡಿಗೆಯ ದೂರ. ಅಷ್ಟು ದೂರ ನಡೆಯದೆ ಹಿಂತಿರುಗುವವರನ್ನು ಕಂಡು ನಮಗೆ ಕೋಪಕ್ಕಿಂತ ಹೆಚ್ಚಾಗಿ ವ್ಯಥೆಯಾಗುತ್ತದೆ.

ಊಟದ ವಿಷಯದಲ್ಲಿಯೂ ನಮ್ಮವರು ಹೋಟೆಲಿನ ಬಾಗಿಲು ದಾಟುವುದು ಅಪರೂಪ. ಆ ಪಟ್ಟಣದ ಜನರನ್ನು ಕಾಣಬೇಕಾದರೆ ‘ಹಾಕರ್ ಸೆಂಟರ್’ಗಳೆಂಬ ಸಾರ್ವಜನಿಕ ಊಟದ ಅಂಗಳಗಳಿಗೆ ಹೋಗಬೇಕು. ಬೀದಿಯಲ್ಲಿ ಅಡಿಗೆ ಮಾಡಿ ಮಾರುತ್ತಿದ್ದವರನ್ನು ಓಡಿಸದೆ, ನೆಪಮಾತ್ರಕ್ಕೆ ದಂಡಿಸದೆ, 1971ರಿಂದ 1986ರ ವರೆಗೆ ಅವರಿಗೆ ನೀರು, ಚರಂಡಿ, ಮಾಡುಗಳುಳ್ಳ ಮಳಿಗೆಗಳನ್ನು ಕಟ್ಟಿಕೊಟ್ಟರು. ಇಂದು ಇಂಥವು ನೂರಹತ್ತಕ್ಕೂ ಹೆಚ್ಚು ಇವೆ. ಒಂದೇ ಮಾಡಿನ ಕೆಳಗೆ ಚೀನೀಯನ ಕೋಳಿಯನ್ನ, ಮಲಯನ ತೆಂಗಿನಹಾಲಿನ ಅನ್ನ, ತಮಿಳನ ದೋಸೆ ದೊರೆಯುತ್ತವೆ. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದನ್ನು ಇಟ್ಟು ಹೋದರೆ ಸ್ಥಳ ಹಿಡಿದಂತಾಯಿತು. ಮಂತ್ರಿಯಾಗಲಿ ಕೂಲಿಯಾಗಲಿ ಆ ಪೊಟ್ಟಣಕ್ಕೆ ಮರ್ಯಾದೆ ಕೊಡುತ್ತಾನೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಈ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದಿ ವ್ಯಾಪಾರಿಗಳ ರಕ್ಷಣೆಗಾಗಿ 2014ರಲ್ಲಿ ನಮ್ಮ ಸಂಸತ್ತೂ ಕಾನೂನನ್ನು ಮಾಡಿದೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಬೀದಿಗೆ ಇಳಿಯಬೇಕೆಂಬ ಪಾಠವನ್ನು ಆ ಅಂಗಳದಲ್ಲಿ ಕುಳಿತು ಉಣ್ಣುತ್ತಲೇ ಕಲಿಯಬಹುದು.

ಆ ಪಟ್ಟಣವು ನಿರ್ದೋಷವೆಂದು ನಾವು ಹೇಳುವವರಲ್ಲ. 1960ರ ಮತ್ತು 70ರ ದಶಕಗಳಲ್ಲಿ ಅದು ತನ್ನ ಹಳೆಯ ಕೇರಿಗಳನ್ನು ನಿರ್ದಾಕ್ಷಿಣ್ಯವಾಗಿ ಕೆಡವಿತು. ಬರುವ ಪ್ರವಾಸಿಗಳ ಸಂಖ್ಯೆ 1983ರಲ್ಲಿ ಇಳಿದಾಗ, ಹಳೆಯದನ್ನು ಅಳಿಸಿದುದೇ ಅದಕ್ಕೆ ಒಂದು ಕಾರಣವೆಂದು ಮರುವರ್ಷದ ಸರಕಾರೀ ಸಮಿತಿಯೇ ಒಪ್ಪಿಕೊಂಡಿತು. ಚೈನಾಟೌನ್, ಲಿಟಲ್ ಇಂಡಿಯಾ, ಕಾಂಪೊಂಗ್ ಗ್ಲಾಮ್ ಮೊದಲಾದ ಪೇಟೆಗಳಿಗೆ ಕಾನೂನಿನ ರಕ್ಷಣೆ ದೊರೆತುದು 1989ರಲ್ಲಿ. ಇಂದು 7,000ಕ್ಕೂ ಹೆಚ್ಚು ಕಟ್ಟಡಗಳು ಆ ರಕ್ಷಣೆಯಲ್ಲಿವೆ. ಆದರೂ 2004ರಲ್ಲಿ ಸುರಂಗಮಾರ್ಗಕ್ಕಾಗಿ, ಜನರ ಪ್ರಾರ್ಥನೆಯನ್ನು ಲೆಕ್ಕಿಸದೆ, ಸ್ಟ್ಯಾಮ್ಫರ್ಡ್ ರಸ್ತೆಯ ಹಳೆಯ ರಾಷ್ಟ್ರೀಯ ಗ್ರಂಥಾಲಯವನ್ನು ಕೆಡವಿದರು. ಕೆಡವಿದ ಪೇಟೆಯನ್ನು ಪುನಃ ಕಟ್ಟಲು ಶ್ರೀಮಂತ ರಾಷ್ಟ್ರಕ್ಕೂ ಸಾಧ್ಯವಿಲ್ಲ.

ಮತ್ತೊಂದು ಮಾತು. ಭಾನುವಾರ ಸಂಜೆ ಲಿಟಲ್ ಇಂಡಿಯಾದ ಬೀದಿಗಳಲ್ಲಿ ನೆರೆಯುವ ತಮಿಳುನಾಡಿನ, ಬಂಗಾಳದೇಶದ ಕೂಲಿಗಳನ್ನು ನಮ್ಮ ಪ್ರವಾಸಿಗಳು ಜನಜಂಗುಳಿಯೆಂದು ಗೊಣಗಿಕೊಂಡು ದಾಟುತ್ತಾರೆ. ನೂರೆಪ್ಪತ್ತು ವರ್ಷಗಳ ಹಿಂದೆ ಕೈದಿಗಳು ಮಾಡಿದ ಕೆಲಸವನ್ನು ಇಂದು ಕೂಲಿಗೆ ಮಾಡುತ್ತಿರುವವರು ಇವರು. ಗಾಜಿನ ಗೋಪುರಗಳು ಇಂಥವರ ಬೆವರಿನಿಂದಲೇ ಎದ್ದುವು. 2020ರ ಸಾಂಕ್ರಾಮಿಕದಲ್ಲಿ ಆ ಪಟ್ಟಣದ ರೋಗಿಗಳಲ್ಲಿ ಬಹುಭಾಗ ಇವರ ಕಿಕ್ಕಿರಿದ ವಸತಿಗಳಿಂದಲೇ ಬಂದುದು ಅಲ್ಲಿಯವರನ್ನೂ ನಾಚಿಸಿತು. ಗೋಪುರವನ್ನು ಮೆಚ್ಚಿ, ಅದನ್ನು ಎತ್ತಿದವನಿಗೆ ಮುಖ ತಿರುಗಿಸುವುದು ಸಂಸ್ಕೃತಿಯ ಲಕ್ಷಣವಲ್ಲ.

ಹೀಗೆ ನೋಡಿಬಂದವನು ತನ್ನ ಊರಿಗೆ ಹೊಸ ಕಣ್ಣುಗಳನ್ನು ತರುತ್ತಾನೆ. ಸಿಂಗಾಪುರದ ಸಸ್ಯೋದ್ಯಾನವು 1859ರದು. 2015ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಏರಿತು. ಹೈದರ್ ಅಲಿಯು ಆರಂಭಿಸಿದ ನಮ್ಮ ಲಾಲ್‌ಬಾಗು ಅದಕ್ಕಿಂತ ಸುಮಾರು ನೂರು ವರ್ಷ ಹಿರಿಯದು. ಅಲ್ಲಿ ಒಂದೇ ಬೀದಿಯ ಗುಡಿ ಮಸೀದಿಗಳನ್ನು ಕಂಡು ಬೆರಗಾದವರು, ಧರ್ಮರಾಯಸ್ವಾಮಿಯ ಕರಗವು ತವಕ್ಕಲ್ ಮಸ್ತಾನರ ದರ್ಗಾಕ್ಕೆ ಹೋಗಿ ಬರುವ ಚೈತ್ರದ ರಾತ್ರಿ ಎಂದಾದರೂ ಪೇಟೆಯಲ್ಲಿ ನಿಂತು ನೋಡಿದ್ದಾರೆಯೇ? ಸಿಂಗಾಪುರವು ಕಳೆದುಕೊಂಡು ಪರಿತಪಿಸುತ್ತಿರುವುದರಲ್ಲಿ ಎಷ್ಟೋ ಭಾಗ ನಮ್ಮಲ್ಲಿ ಇನ್ನೂ ಉಸಿರಾಡುತ್ತಿದೆ. ಅದನ್ನು ಸಿಂಗಾಪುರದ ಹೆಸರಿನಲ್ಲಿಯೇ ಕೆಡಹುವುದಾದರೆ ಅದಕ್ಕಿಂತ ದೊಡ್ಡ ಅವಿವೇಕವಿಲ್ಲ.

ಆದುದರಿಂದ ಹೋಗುವವರು ಅವಶ್ಯವಾಗಿ ಹೋಗಲಿ. ಮಕ್ಕಳನ್ನೂ ಕರೆದುಕೊಂಡು ಹೋಗಲಿ. ನಾಲ್ಕು ದಿನಗಳಲ್ಲಿ ಒಂದು ದಿನವನ್ನು ಅಂಗಡಿಗಳಿಂದ ಉಳಿಸಿ, ನದಿಯ ದಂಡೆಯಿಂದ ಹೊರಟು, ಮಾರಿಯಮ್ಮನ ಗುಡಿಗೆ ಕೈಮುಗಿದು, ಇಗರ್ಜಿಯ ಗಾರೆಯನ್ನು ಮುಟ್ಟಿ ನೋಡಿ, ಸಂಜೆಯ ಹೊತ್ತಿಗೆ ಸಮುದ್ರದ ದಂಡೆಯ ಆ ಗುರುತಿನ ಕಲ್ಲಿನ ಮುಂದೆ ಒಂದು ಕ್ಷಣ ನಿಲ್ಲಲಿ. ಇದಕ್ಕೆ ಚೀಟಿ ಕೊಳ್ಳಬೇಕಾಗಿಲ್ಲ. ಅಲ್ಲಿ ಮೂರು ಮಾತುಗಳನ್ನು ಕೆತ್ತಿದ್ದ ಸ್ಮಾರಕವೊಂದಿತ್ತೆಂದು ಮಗುವಿಗೆ ತಿಳಿಸಿದ ತಂದೆತಾಯಿಗಳು ತಾವು ಸಿಂಗಾಪುರವನ್ನು ನೋಡಿಬಂದೆವೆಂದು ಧೈರ್ಯವಾಗಿ ಹೇಳಿಕೊಳ್ಳಬಹುದು.