ಹಿಂದೆ ನಿಂತವರಿಗೆ ಕೇಳಿಸಿದ್ದು

2024ರ ಅಕ್ಟೋಬರ್ 10ರಂದು ಮೈಸೂರಿನ ಯುವ ದಸರಾದಲ್ಲಿ ಇಳಯರಾಜ ಅವರ ಕಾರ್ಯಕ್ರಮ. ಬೆಳಕವಾಡಿಯಿಂದ ನಾವು ನಾಲ್ವರು ಉತ್ತನಹಳ್ಳಿಗೆ ಹೋಗಿದ್ದೆವು. ಎರಡು ದಿನದ ಹಿಂದಷ್ಟೇ ಅಲ್ಲಿ ಬಾದ್‌ಷಾ ಅಬ್ಬರವಿತ್ತು. ಇದು ಕುಣಿಯುವುದಕ್ಕಿಂತ ಕೂತು ಕೇಳುವ ಸಂಗೀತ. ವಾಪಸ್ ಬರುವಾಗ ಜಗಳವೇ ಆಯಿತು. ‘ಇದಕ್ಕೆ ಇಷ್ಟು ದೂರ ಬರಬೇಕಿತ್ತಾ?’ ಎಂದ ಗೆಳೆಯ. ‘ಪಿಟೀಲುಗಳು ಒಟ್ಟಿಗೆ ಎದ್ದಾಗ ಮೈ ಜುಮ್ಮೆಂದಿತು’ ಎಂದಳು ಗೆಳತಿ.

ನಮ್ಮ ತಲೆಮಾರಿಗೆ ಕೇಳುವ ತಾಳ್ಮೆಯಿಲ್ಲ ಅನ್ನುತ್ತಾರೆ ಹಿರಿಯರು. ನಾನು ಒಪ್ಪುವುದಿಲ್ಲ. ಗೆಳತಿ ನೆಂಟರು ಕೊಡಿಸಿದ ಟಿಕೆಟ್‌ನಲ್ಲಿ ಮುಂದೆ ಕೂತಿದ್ದಳು. ಅಲ್ಲಿ 5,000, 8,000 ರೂಪಾಯಿ ದರ. ಉಳಿದ ಮೂವರು ಹಿಂದಿನ ಉಚಿತ ಜಾಗದಲ್ಲಿ. ಅಬ್ಬರದ ಬೀಟ್ ಎಷ್ಟು ದೂರಕ್ಕೂ ಬರುತ್ತದೆ, ಮೆಲುದನಿ ಗುಂಪಿನ ಮಾತಿನಲ್ಲೇ ಮುಳುಗುತ್ತದೆ.

‘ನೀನು ಕೇಳಿದ್ದು ಪಿಟೀಲು, ನಾನು ಕೇಳಿದ್ದು ಪಕ್ಕದವನ ಫೋನ್ ಮಾತು’ ಎಂದ ಗೆಳೆಯ. ಅವಳು ಸುಮ್ಮನಾದಳು.