ಎರೆಯ ದಾರಿಗೆ ಎಂಥ ಟೈರು?

ಮುಂಗಾರು ಕಾಲಿಡುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬಿಬ್ಬರಾದರೂ ಸೈಕಲ್ಲಿನ ವಿಷಯವಾಗಿ ವಿಚಾರಿಸುವುದುಂಟು. ಅವರಿಗೀಗ ನಲವತ್ತರ ಆಚೆಯ ವಯಸ್ಸು. ಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಮಗ ಮೌಂಟನ್ ಬೈಕೇ ಬೇಕಂತಾನ್ರಿ. ದಪ್ಪ ಟೈರು ಇದ್ರ ಕೆಸರಿನ್ಯಾಗ ಚಲೋ ಹೋಗತೈತಂತ್ರಿ, ಖರೇ ಏನ್ರಿ?" ಖರೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯ ಎರೆಮಣ್ಣಿನ ಮಟ್ಟಿಗಂತೂ ಅಲ್ಲವೇ ಅಲ್ಲ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಇಲ್ಲಿಯೇ ಬರೆದಿಡುತ್ತೇನೆ.

ಅಗಡಿಯ ಸುತ್ತಲಿನ ದಾರಿಗಳನ್ನು ಬಲ್ಲವರಿಗೆ ಎರೆಯೆಂದರೇನು, ಮಸಾರಿಯೆಂದರೇನು ಎಂದು ವಿವರಿಸಬೇಕಾಗಿಲ್ಲ. ಆದರೆ ಬೆಂಗಳೂರು, ಪುಣೆಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮೊಮ್ಮಕ್ಕಳೂ ಇದನ್ನು ಓದುತ್ತಾರೆಂದು ಎರಡು ಮಾತು. ಮಸಾರಿ ಮರಳು ಬೆರೆತ ಕೆಂಪು ಮಣ್ಣು. ಮಳೆಯ ನೀರು ಅದರಲ್ಲಿ ಬೇಗ ಇಂಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ದಾರಿ ಗಟ್ಟಿಯಾಗುತ್ತದೆ. ಎರೆಯದು ಬೇರೆಯೇ ಸ್ವಭಾವ. ಅದರಲ್ಲಿರುವ ಅತಿ ನುಣುಪಾದ ಜೇಡಿಯ ಪದರಗಳ ನಡುವೆ ನೀರು ಸೇರಿ ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಹೊಲವೇ ಆಷಾಢದಲ್ಲಿ ಕಾಲಿನ ಚಪ್ಪಲಿಯನ್ನು ಕಿತ್ತುಕೊಳ್ಳುತ್ತದೆ. ಹತ್ತಿಗೂ ಬ್ಯಾಡಗಿ ಮೆಣಸಿನಕಾಯಿಗೂ ಒದಗಿಬಂದ ಈ ಗುಣವೇ ಸೈಕಲ್ಲಿನ ಪಾಲಿಗೆ ಶತ್ರು.

ದಪ್ಪ ಟೈರಿನ ಸೈಕಲ್ಲು ಎಲ್ಲಿ ಹುಟ್ಟಿತೆಂಬುದನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 1970ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಡ್ಡದ ಮೇಲಕ್ಕೆ ಒಯ್ದು, ಧೂಳು ತುಂಬಿದ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಆ ಸೈಕಲ್ಲುಗಳ ಅಗಲವಾದ ಬಲೂನು ಟೈರುಗಳು ಸಡಿಲ ಕಲ್ಲು, ಒಣ ಮಣ್ಣಿನ ಮೇಲೆ ಚೆನ್ನಾಗಿ ಹಿಡಿಯುತ್ತಿದ್ದವು. ಇಂದು ಹಾವೇರಿಯ ಅಂಗಡಿಯಲ್ಲಿ ತೂಗಾಡುವ 26 ಇಂಚಿನ ದಪ್ಪ ಟೈರು ಅದೇ ವಂಶದ್ದು. ಅದು ಒಣ ಗುಡ್ಡದ ಕೂಸು, ಎರೆಯ ಕೂಸಲ್ಲ.

ಕೆಸರಿನಲ್ಲಿ ಆಗುವುದೇನೆಂದರೆ, ಒತ್ತೊತ್ತಾಗಿರುವ ರಬ್ಬರಿನ ಉಬ್ಬುಗಳ (ಅಂಗಡಿಯವರು ಬಟನ್ ಎನ್ನುತ್ತಾರೆ) ನಡುವೆ ಎರೆ ತುಂಬಿಕೊಳ್ಳುತ್ತದೆ. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಮೇಲೊಂದು ಮಣ್ಣಿನ ಟೈರು ಏರುತ್ತದೆ. ಅದು ಫೋರ್ಕಿಗೂ ಮಡ್‌ಗಾರ್ಡಿಗೂ ಬ್ರೇಕಿಗೂ ತಾಗಿ ಗಾಲಿ ನಿಂತುಬಿಡುತ್ತದೆ. ಟೈರು ಅಗಲವಾದಷ್ಟೂ ಎತ್ತುವ ಮಣ್ಣು ಹೆಚ್ಚು, ಉಳಿಯುವ ಸಂದು ಕಡಿಮೆ. ನಮ್ಮ ಹಿರಿಯರ ಚಕ್ಕಡಿಯ ಗಾಲಿಯನ್ನು ನೆನಪಿಸಿಕೊಳ್ಳಿ: ಎತ್ತರವಾದದ್ದು, ಕಬ್ಬಿಣದ ಪಟ್ಟಿ ಬಲು ಕಿರಿದು. ಮೇಲಿನ ರಾಡಿಯನ್ನು ಸೀಳಿ ಅದು ಕೆಳಗಿನ ಗಟ್ಟಿ ನೆಲವನ್ನು ಮುಟ್ಟುತ್ತಿತ್ತು. ಬೆಲ್ಜಿಯಂ ದೇಶದಲ್ಲಿ ಚಳಿಗಾಲದ ಕೆಸರಿನಲ್ಲೇ ನಡೆಯುವ ಸೈಕ್ಲೋಕ್ರಾಸ್ ಎಂಬ ಪಂದ್ಯವುಂಟು. ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಟೈರಿನ ಅಗಲ 33 ಮಿಲಿಮೀಟರನ್ನು ಮೀರುವಂತಿಲ್ಲ. ನಮ್ಮ ಹುಡುಗರು ಬಯಸುವ 1.95 ಇಂಚಿನದು ಸುಮಾರು 50 ಮಿಲಿಮೀಟರು!

ಆದ್ದರಿಂದ ನನ್ನ ಸಲಹೆ: ಗುಡ್ಡದ ಸೈಕಲ್ಲು ಮನೆಗೆ ಬಂದಾಗಿದ್ದರೆ ಅದನ್ನು ಮಾರಬೇಡಿ, ಟೈರು ಸವೆದಾಗ ಅದೇ ರಿಮ್ಮಿಗೆ ಹೊಂದುವ ಸ್ವಲ್ಪ ಕಿರಿದಾದದ್ದನ್ನು ಹಾಕಿಸಿ. ಬಟನ್‌ಗಳು ಎತ್ತರವಾಗಿರಲಿ, ಒಂದಕ್ಕೊಂದು ದೂರವಿರಲಿ. ನಡುವೆ ಕಿರುಬೆರಳ ತುದಿ ಕೂಡುವಂತಿದ್ದರೆ ಮಣ್ಣು ತಾನಾಗಿ ಉದುರುತ್ತದೆ. ಅರ್ಧ ದಾರಿ ಡಾಂಬರಿನದಾದರೆ ನಡುವಿನ ಬಟನ್‌ಗಳು ತುಸು ಒತ್ತಾಗಿದ್ದು ಅಂಚಿನವು ಬಿಡಿಯಾಗಿರುವುದನ್ನು ಆರಿಸಿ, ಏಕೆಂದರೆ ಒದ್ದೆ ಡಾಂಬರಿನ ಮೇಲೆ ಬಿಡಿ ಬಟನ್‌ಗಳು ನೆಲವನ್ನು ಕಡಿಮೆ ಮುಟ್ಟುತ್ತವೆ. ಇದಕ್ಕಾಗಿ ಎರಡು ಸಾವಿರ ರೂಪಾಯಿಯ ವಿದೇಶಿ ಟೈರು ತರಿಸಬೇಕಾಗಿಲ್ಲ. ರಾಲ್ಸನ್, ಮೆಟ್ರೋ, ಹಾರ್ಟೆಕ್ಸ್ ಮೊದಲಾದ ನಮ್ಮ ದೇಶದವೇ ಕೆಲವು ನೂರು ರೂಪಾಯಿಗಳಲ್ಲಿ ಸಿಗುತ್ತವೆ. ಬಿಸಿಲಿಗೆ ತೂಗುಹಾಕಿದ್ದ ಹಳೆಯ ಮಾಲನ್ನು ಮಾತ್ರ ಕೊಳ್ಳಬೇಡಿ. ಪಕ್ಕದ ಗೋಡೆಯನ್ನು ಬೆರಳಿನಿಂದ ಮಡಿಚಿ ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಮರಳಿ ಕೊಟ್ಟುಬಿಡಿ. ಇನ್ನು ಅಗ್ಗದ ಸೈಕಲ್ಲಿಗೆ ಜೋಡಿಸಿರುವ ಶಾಕ್ ಅಬ್ಸಾರ್ಬರುಗಳ ಬಗ್ಗೆ ನನಗೆ ಗೌರವವಿಲ್ಲ. ಅವು ತೂಕ ಕೂಡಿಸುತ್ತವೆ, ಕೆಸರು ಹಿಡಿಯುತ್ತವೆ. ಅವಕ್ಕೆ ಸುರಿಯುವ ಹಣದಲ್ಲಿ ಎರಡು ಒಳ್ಳೆಯ ಟೈರು, ಬ್ರೇಕಿನ ರಬ್ಬರು ಬರುತ್ತವೆ.

ಅಳತೆಯ ವಿಷಯದಲ್ಲಿ ಗಣಿತ ಕಲಿತವರೇ ಹೆಚ್ಚು ಮೋಸಹೋಗುತ್ತಾರೆ. 1.75 ಮತ್ತು 1¾ ಸಮವೆಂದು ನಾನೇ ನಿಮಗೆ ಕಲಿಸಿದ್ದೇನೆ. ಟೈರಿನ ಮೇಲೆ ಅವು ಸಮವಲ್ಲ! 26 × 1.75 ಎಂಬುದು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರು, 26 × 1¾ ಎಂಬುದರದು 571. ಹಳೆಯ ಮಾದರಿಯ ಸೈಕಲ್ಲುಗಳ 26 × 1⅜ ಟೈರಿನದಂತೂ 590. ದಶಮಾಂಶದ್ದು ಬೇರೆ ಜಾತಿ, ಭಿನ್ನರಾಶಿಯದು ಬೇರೆ ಜಾತಿ. ಟೈರಿನ ಗೋಡೆಯ ಮೇಲೆ 50-559 ಎಂಬಂತೆ ಎರಡು ಸಂಖ್ಯೆಗಳು ಅಚ್ಚಾಗಿರುತ್ತವೆ: ಮೊದಲನೆಯದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಎರಡನೆಯದನ್ನು ಬರೆದುಕೊಂಡು ಅಂಗಡಿಗೆ ಹೋಗಿ.

ಒಂದೇ ಟೈರಿಗೆ ಹಣವಿದ್ದರೆ? ನಮ್ಮೂರ ರೂಢಿಯೆಂದರೆ ಹೊಸದನ್ನು ಹಿಂದಿನ ಗಾಲಿಗೆ ಹಾಕುವುದು, ಏಕೆಂದರೆ ಬೇಗ ಸವೆಯುವುದು ಅದು. ಈ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಿಂದಿನ ಗಾಲಿ ಜಾರಿದರೆ ಸೈಕಲ್ಲು ತುಸು ಓಲಾಡುತ್ತದೆ, ಕಾಲೂರಿ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಹ್ಯಾಂಡಲ್ಲೇ ಕೈತಪ್ಪುತ್ತದೆ, ಸವಾರನಿಗೆ ಯೋಚಿಸುವ ಸಮಯವೇ ಇರುವುದಿಲ್ಲ. ನನ್ನ ಎಂಟನೆಯ ತರಗತಿಯ ಒಬ್ಬ ಹುಡುಗಿ ಹೀಗೆ ಹಳ್ಳದ ಇಳಿಜಾರಿನಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮುಂದಿನ ಟೈರು ಬೋಳಾಗಿತ್ತು, ಹಿಂದಿನದು ಹೊಚ್ಚಹೊಸದು. ಆರು ವಾರ ಅವಳು ಶಾಲೆಗೆ ಬರಲಿಲ್ಲ. ಆಮೇಲೆ ಬಂದಳೆಂಬುದೇ ಸಮಾಧಾನ. ಮಳೆಗಾಲದಲ್ಲಿ ಹೀಗೆ ಮನೆಯಲ್ಲುಳಿದ ಹೆಣ್ಣುಮಕ್ಕಳೆಲ್ಲ ಮರಳಿ ಬರುತ್ತಿರಲಿಲ್ಲ. ಆದ್ದರಿಂದ ಹೊಸದು ಮುಂದಕ್ಕೆ, ಮುಂದಿನ ಹಳೆಯದು ಹಿಂದಕ್ಕೆ. ಗೋಡೆಯ ಮೇಲೆ ಬಾಣದ ಗುರುತಿದ್ದರೆ ಅದು ತೋರುವ ದಿಕ್ಕಿಗೇ ಗಾಲಿ ತಿರುಗುವಂತೆ ಹಾಕಿಸಿ.

2006-07ರಲ್ಲಿ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡಲು ಆರಂಭಿಸಿದಾಗ ಈ ಚರ್ಚೆಗೆ ಎಡೆಯಿರಲಿಲ್ಲ, ಕೊಟ್ಟದ್ದನ್ನು ಓಡಿಸುವುದಷ್ಟೇ ಆಗಿತ್ತು. ಕೊರೊನಾ ಕಾಲದಲ್ಲಿ ಆ ವಿತರಣೆ ನಿಂತಿತು. ಕೂಲಿಯ ಹಣ ಕೂಡಿಟ್ಟು ಸೈಕಲ್ಲು ಕೊಂಡ ತಂದೆತಾಯಿಗಳನ್ನು ಕಂಡ ಮೇಲೆ, ಆ ಹಣ ತೋರಿಕೆಯ ದಪ್ಪಕ್ಕೆ ಹೋಗಬಾರದೆಂದು ನಾನು ಇಷ್ಟು ಹಟ ಹಿಡಿದು ಹೇಳುತ್ತಿದ್ದೇನೆ.

ಗಾಳಿಯ ಬಗ್ಗೆ ಚಿಕ್ಕದಾಗಿ. ಕಲ್ಲಿನಂತೆ ಗಟ್ಟಿಯಾಗಿ ಹೊಡೆಸುವುದು ಒದ್ದೆ ದಾರಿಗೆ ಸಲ್ಲದು. ಗೋಡೆಯ ಮೇಲೆ ಕನಿಷ್ಠ, ಗರಿಷ್ಠ ಒತ್ತಡ ಅಚ್ಚಾಗಿರುತ್ತದೆ. ನಲವತ್ತು, ನಲವತ್ತೈದು ಕಿಲೋ ತೂಕದ ಮಕ್ಕಳಿಗೆ ಕನಿಷ್ಠದ ಹತ್ತಿರವೇ ಸಾಕು. ಅದಕ್ಕೂ ಕೆಳಗಿಳಿದರೆ ಕಲ್ಲು ತಾಗಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಜಾಲಿಯ ಮುಳ್ಳಿಗೆ ಮಾತ್ರ ಯಾವ ಒತ್ತಡವೂ ಮದ್ದಲ್ಲ. ಟ್ಯೂಬು ಬದಲಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ, ಮುರಿದ ಮುಳ್ಳಿನ ತುದಿಯನ್ನು ಹುಡುಕಿ ತೆಗೆಯಬೇಕು.

ಇಷ್ಟೆಲ್ಲ ಹೇಳಿದರೂ ಜಡಿಮಳೆ ನಿಂತ ತಕ್ಷಣ ಎರೆಯ ಚಕ್ಕಡಿ ದಾರಿಯಲ್ಲಿ ಓಡುವ ಟೈರು ಯಾವುದೂ ಇಲ್ಲ. ಅಂಥ ದಿನ ಹುಲ್ಲು ಬೆಳೆದ ಬದುವಿನ ಅಂಚಿನಲ್ಲಿ ಸೈಕಲ್ಲು ನೂಕಿಕೊಂಡು ನಡೆಯಬೇಕು, ಇಲ್ಲವೇ ಸುತ್ತಾದರೂ ಮಸಾರಿ ದಾರಿ ಹಿಡಿಯಬೇಕು. ಶಾಲೆಯ ದಾರಿಗೆ ನಾಲ್ಕು ಟ್ರ್ಯಾಕ್ಟರ್ ಗರಸು ಹಾಕಿಸಿದರೆ ಎಲ್ಲ ಟೈರುಗಳಿಗಿಂತ ಹೆಚ್ಚಿನ ಉಪಕಾರವಾದೀತು; ನಿಮ್ಮಲ್ಲಿ ಈಗ ಪಂಚಾಯತಿಯ ಸದಸ್ಯರಾಗಿರುವವರಿದ್ದೀರಿ, ನಿಮಗೆ ಬೇರೆ ಹೇಳಬೇಕೆ? ಅಲ್ಲಿಯವರೆಗೆ ಮಳೆಗಾಲದ ಮೂರು ತಿಂಗಳು ಮುಂದಿನ ಮಡ್‌ಗಾರ್ಡನ್ನು ಬಿಚ್ಚಿಡಿ. ಬಿಳಿ ಅಂಗಿ ಕೊಳೆಯಾಗುತ್ತದೆಂದು ತಾಯಂದಿರು ಬೈಯುತ್ತಾರೆ, ಬೈಯಲಿ. ಸೀಟಿನ ಕೆಳಗೆ ಒಂದು ಗೇಣುದ್ದದ ಬಿದಿರಿನ ಸೀಳನ್ನು ಕಟ್ಟಿಕೊಂಡರೆ ದಾರಿಯಲ್ಲಿ ನಿಂತು ಎರೆ ಕೆರೆದು ತೆಗೆಯಲು ಅನುಕೂಲ.