ಗ್ಲೋಬನ್ನು ಬೀರುವಿನಿಂದ ಹೊರಗೆ ತೆಗೆಯಿರಿ

ಹೆಂಗಸರಿಗೆ ಭೂಗೋಳ, ಲೆಕ್ಕ ಯಾಕೆ ಎಂದು ಈಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಾರೆ: "ಟಿಕೆಟ್ ಮಾಡಿಸಿದ್ದೇನೆ ಅಮ್ಮ, ನೀನು ಸುಮ್ಮನೆ ಕೂತುಕೊಂಡರೆ ಸಾಕು." ಮಗಳ ಬಾಣಂತನಕ್ಕೆಂದು ಚಟ್ನಿಪುಡಿ, ಅಂಟಿನುಂಡೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಡುವ ನಮ್ಮ ಊರುಗಳ ಎಷ್ಟೋ ತಾಯಂದಿರಿಗೆ, ತಾವು ಹೋಗುವ ದೂರವೆಷ್ಟು, ಎಷ್ಟು ಗಂಟೆ ಆಕಾಶದಲ್ಲಿರುತ್ತೇವೆ ಎಂಬುದೇ ತಿಳಿದಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದವರು ಡಾಕ್ಟರರನ್ನು ಕೇಳುವುದಕ್ಕಾದರೂ ಆ ಲೆಕ್ಕ ಬೇಡವೇ?

ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿತು. ವೇಳಾಪಟ್ಟಿಯಲ್ಲಿ ಹೊರಡುವುದು 9ರ ರಾತ್ರಿ 8.30, ಇಳಿಯುವುದು 11ರ ಬೆಳಗಿನ ಜಾವ 3.45. ಕಳೆದು ನೋಡಿದರೆ 31 ಗಂಟೆ 15 ನಿಮಿಷ! ಗಾಬರಿಯಾಗಬೇಡಿ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಅದನ್ನು ಕಳೆಯಿರಿ, ಉಳಿಯುವುದು 17 ಗಂಟೆ 45 ನಿಮಿಷ. ಐದನೇ ತರಗತಿಯ ವ್ಯವಕಲನ ಇದು. ಇಷ್ಟಕ್ಕೆ ಮಗನ ಮುಖ ನೋಡಬೇಕೇ?

ಇನ್ನು ದೂರ. ಇಲ್ಲಿ ನನ್ನ ಸಿಟ್ಟು ಗೋಡೆಯ ಮೇಲಿನ ಭೂಪಟದ ಮೇಲೆ. ಗ್ರೀನ್‌ಲ್ಯಾಂಡನ್ನು ಆಫ್ರಿಕಾದಷ್ಟು ದೊಡ್ಡದಾಗಿ ತೋರಿಸುವ ಚಪ್ಪಟೆ ಭೂಪಟವದು. ನಿಜಕ್ಕೂ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಅದರ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅರೇಬಿಯಾ, ಸಹಾರಾ, ಅಟ್ಲಾಂಟಿಕ್ ಎಲ್ಲ ದಾಟಿ ಹೋಗುತ್ತದೆ. ಆ ದಾರಿ ಸುಮಾರು 20,000 ಕಿಲೋಮೀಟರ್. ವಿಮಾನ ಹಾಗೆ ಹೋಗುವುದಿಲ್ಲ. 30 ಸೆಂಟಿಮೀಟರ್ ವ್ಯಾಸದ ಗ್ಲೋಬಿನ ಮೇಲೆ ಎರಡೂ ಊರಿಗೆ ಹೊಲಿಗೆಯ ದಾರ ಬಿಗಿಯಾಗಿ ಹಿಡಿಯಿರಿ. ದಾರ ತಾನಾಗಿ ಉತ್ತರಕ್ಕೆ ಜಾರಿ ಧ್ರುವದ ಹತ್ತಿರ ಹಾಯುತ್ತದೆ. ಅಳೆದರೆ ಸುಮಾರು 33 ಸೆಂಟಿಮೀಟರ್. ಒಂದಕ್ಕೆ 425 ಕಿಲೋಮೀಟರಿನಂತೆ 14,000. ಗಂಟೆಗೆ 900ರ ವೇಗದಲ್ಲಿ ಹದಿನೈದೂವರೆ ಗಂಟೆ. ಮಿಕ್ಕ ಹೊತ್ತು ಎಲ್ಲಿ ಹೋಯಿತು? ನೆಲದ ಮೇಲೆ ಓಡುವುದು, ಏರುವುದು, ಇಳಿಯುವುದು, ಗಾಳಿ, ಮಾರ್ಗದ ಬಳಸು. ಗಾಳಿಯ ಜೊತೆಗೆ ರಾಜಕೀಯವೂ ಉಂಟು: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ, ದಿಲ್ಲಿಯಿಂದ ಪಶ್ಚಿಮಕ್ಕೆ ಹೊರಟವು ಅರಬ್ಬೀ ಸಮುದ್ರದ ಮೇಲೆ ಸುತ್ತು ಹಾಕಬೇಕಾಯಿತು.

ಇದನ್ನೆಲ್ಲ ತರಗತಿಯಲ್ಲಿ ಕಲಿಸಲು ಗ್ಲೋಬ್ ಬೇಕು. ಅದಿರುವುದು ಎಲ್ಲಿ? ನಾನು ದುಡಿದ ಶಾಲೆಯೊಂದರಲ್ಲಿ ಅದು ಪ್ಲಾಸ್ಟಿಕ್ ಚೀಲ ಹೊದ್ದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿತ್ತು. ತಪಾಸಣೆಯ ದಿನ ಮಾತ್ರ ಮೇಜಿಗೆ ಬರುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಬೆಳ್ಳಿಲೋಟ ಬಂದ ಹಾಗೆ. ಹುಡುಗಿಯರು ತಿರುಗಿಸಲು ಹೋದರೆ "ಒಡೆದೀತು" ಎಂಬ ಗದರಿಕೆ. ಒಡೆದರೆ ಒಡೆಯಲಿ ಬಿಡಿ! ಮುಟ್ಟದೆ ಭೂಮಿ ಗುಂಡಗಿದೆ ಎಂದು ಬಾಯಿಪಾಠ ಮಾಡಿದವರು ಅಡಿಕೋಲಿನ ಗೆರೆಯನ್ನೇ ನಂಬುತ್ತಾರೆ.

2021ರ ಆ ಮೊದಲ ವಿಮಾನವನ್ನು ಧ್ರುವದ ಮಾರ್ಗವಾಗಿ ಬೆಂಗಳೂರಿಗೆ ತಂದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿದ್ದ ಮೂವರು ಪೈಲಟ್‌ಗಳು. ನಾಲ್ವರೂ ಹೆಂಗಸರು. ಅವರ ಚಿತ್ರ ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದವರೂ ಇದ್ದಾರೆ. ಚಿತ್ರ ಇರಲಿ, ಬೇಡವೆನ್ನುವುದಿಲ್ಲ. ಬೀರುವಿನ ಬೀಗದ ಕೈ ಎಲ್ಲಿದೆ, ಅದನ್ನು ಹೇಳಿ.